ತೊಳೆಯಬಾರದ ಗಾಜು

"ಇದನ್ನ ಯಾರೋ ತೊಳೆದಿದ್ದಾರೆ ಸಾರ್" ಎಂದಳು ಗಾಜಮ್ಮ.

ಇಪ್ಪತ್ತಾರು ವರ್ಷದಿಂದ ಈ ಸಂಶೋಧನಾಲಯದ ಗಾಜಿನ ಪಾತ್ರೆ ತೊಳೆಯುವುದೇ ಅವಳ ಕೆಲಸ. ಆ ಹೆಸರೂ ಅದರಿಂದಲೇ ಬಂದದ್ದು. ಅಂಥವಳು ಒಂದು ತೊಳೆದ ಪಾತ್ರೆ ನೋಡಿ ಬೆಚ್ಚಿಬಿದ್ದದ್ದು ಕಂಡು ನನಗೆ ನಗು ಬಂತು.

"ತೊಳೆದಿದ್ರೆ ಒಳ್ಳೇದಾಯ್ತಲ್ಲಮ್ಮ. ನಿಮಗೊಂದು ಕೆಲಸ ಉಳೀತು."

"ನಗಬೇಡಿ. ಇದನ್ನ ತೊಳೆಯೋ ಹಾಗೇ ಇಲ್ಲ. ನಾಲ್ಕು ವರ್ಷದಿಂದ ಇದಕ್ಕೆ ನಾನು ಬ್ರಷ್ಷು ಮುಟ್ಟಿಸಿಲ್ಲ."

ಗುಂಡು ಹೊಟ್ಟೆಯ, ಉದ್ದ ಕತ್ತಿನ ಗಾಜಿನ ಫ್ಲಾಸ್ಕು. ಅವಳು ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ನಿಧಾನವಾಗಿ ತಿರುಗಿಸಿದಳು. ಒಂದು ಕಲೆ ಇಲ್ಲ, ಒಂದು ಗೆರೆ ಇಲ್ಲ.

ಒಂಬತ್ತು ದಿನದ ಹಿಂದೆ, ಸೋಮವಾರ ಬೆಳಗ್ಗೆ, ಇದೇ ಕೋಣೆಯ ನೆಲದ ಮೇಲೆ, ಇಲ್ಲಿ ಸಂಶೋಧನೆ ನಡೆಸುತ್ತಿದ್ದ ಡಾಕ್ಟ್ರಮ್ಮ ಸತ್ತು ಬಿದ್ದಿದ್ದರು. ಬಾಟಲಿಯೊಂದರ ಮುಚ್ಚಳ ತೆಗೆದಾಗ ಹೊರಬಂದ ಆಸಿಡ್ಡಿನ ಹೊಗೆ ಅವರನ್ನು ಕೊಂದಿತು, ಆ ಮುಚ್ಚಳ ಬಿಗಿದಿಟ್ಟವಳು ಗಾಜಮ್ಮ ಎಂದು ಸಂಸ್ಥೆಯವರ ವಾದ. ಅವತ್ತು ಪೊಲೀಸರು ಬೀಗ ಹಾಕಿದ ಈ ಕೋಣೆ ತೆರೆದದ್ದು ಇವತ್ತೇ. ನಾಳೆ ಹತ್ತು ಗಂಟೆಗೆ ವಿಚಾರಣೆ. ತಪ್ಪು ಇವಳದೇ ಎಂದು ಅಲ್ಲಿ ತೀರ್ಮಾನವಾದರೆ ಕೆಲಸವೂ ಹೋಯಿತು, ಸಂಜೆಯೊಳಗೆ ಪೊಲೀಸರೂ ಬಂದು ಕರೆದೊಯ್ಯುತ್ತಾರೆ.

"ಯಾಕೆ ತೊಳೆಯೋ ಹಾಗಿಲ್ಲ? ನನಗೆ ಅರ್ಥ ಆಗೋ ಹಾಗೆ ಹೇಳಿ. ನಾನು ರಸಾಯನಶಾಸ್ತ್ರದಲ್ಲಿ ಎರಡು ಸಲ ಡುಮ್ಕಿ ಹೊಡೆದೋನು."

ಗಾಜಮ್ಮ ಕಿಟಕಿಯ ಮೇಲಿನ ಹಲಗೆ ತೋರಿಸಿದಳು. ಹೆಬ್ಬೆರಳುದ್ದದ ಸೀಸೆಗಳು ಅಲ್ಲಿ ಸಾಲಾಗಿ ನಿಂತಿದ್ದವು. ಪ್ರತಿಯೊಂದಕ್ಕೂ ಡಾಕ್ಟ್ರಮ್ಮನ ದುಂಡು ಅಕ್ಷರದಲ್ಲಿ ತಾರೀಕು. ಎಲ್ಲದರಲ್ಲೂ ಮಾಣಿಕ್ಯದ ಕೆಂಪಿನ ನೀರು.

"ಅದೆಲ್ಲಾ ಚಿನ್ನ ಸಾರ್."

"ಚಿನ್ನ ಹಳದಿ ಅಲ್ವೇನಮ್ಮ?"

"ಒಡವೇಲಿ ಹಳದಿ. ಕಣ್ಣಿಗೆ ಕಾಣದಷ್ಟು ಸಣ್ಣ ಹರಳು ಮಾಡಿದ್ರೆ ಹಿಂಗೆ ಕೆಂಪಾಗತ್ತಂತೆ. ಕ್ಯಾಂಟೀನಲ್ಲಿ ಸೋಸಿ ಬಿಸಾಡೋ ಟೀ ಪುಡಿ ಇರತ್ತಲ್ಲ, ಅದನ್ನ ತಂದು ಇನ್ನೊಂದು ಸಲ ಕುದಿಸೋರು. ಆ ನೀರಿಗೆ ಚಿನ್ನದ ಉಪ್ಪು ಕರಗಿಸಿದ್ದನ್ನ ಹಾಕೋರು. ಹತ್ತು ನಿಮಿಷಕ್ಕೆ ಈ ಬಣ್ಣ. ವಿಷ ಇಲ್ಲ, ಹೊಗೆ ಇಲ್ಲ, ಮೂಗು ಮುಚ್ಕೊಳ್ಳೋ ಹಂಗಿಲ್ಲ."

ಈ ಕೆಂಪು ನೀರಿನ ಗುಣವನ್ನು ಅವಳು ತನ್ನ ಮಗುವಿನ ಗುಣ ಹೇಳುವಂತೆ ಹೇಳಿದಳು. ಬಾವಿಯ ನೀರಿಗೆ ಎರಡು ಹನಿ ಬಿಟ್ಟರೆ, ಅದರಲ್ಲಿ ಪಾದರಸವೇನಾದರೂ ಸೇರಿದ್ದರೆ ಕೆಂಪು ತಿರುಗಿ ನೀಲಿಯಾಗುತ್ತದಂತೆ. ಬಣ್ಣದ ಕಾರ್ಖಾನೆಯ ಹಳದಿ ಕೊಳಚೆಗೆ ಒಂದು ಚಿಟಿಕೆ ಪುಡಿಯ ಜೊತೆ ಈ ಹರಳು ಬೆರೆಸಿದರೆ ಕೊಳಚೆ ನೋಡನೋಡುತ್ತ ತಿಳಿಯಾಗುತ್ತದಂತೆ. ಹರಳು ಮಾತ್ರ ಸವೆಯುವುದಿಲ್ಲ, ಮತ್ತೆ ಕೆಲಸಕ್ಕೆ ಬರುತ್ತದೆ.

"ಈ ಫ್ಲಾಸ್ಕಿನ ವಿಷಯಕ್ಕೆ ಬನ್ನಿ."

"ಮೊಸರಿಗೆ ಹೆಪ್ಪು ಹಾಕಲ್ವಾ ಸಾರ್? ಹಂಗೇ ಇದು. ಒಂದು ಸಲ ಮಾಡಿದ್ರಲ್ಲಿ ಒಂದು ಚಮಚದಷ್ಟು ತಳದಲ್ಲಿ ಬಿಟ್ಟಿರೋರು. ಮುಂದಿನ ಸಲ ಹೊಸಾ ಚಿನ್ನ ಆ ಹಳೇ ಹರಳಿನ ಮೇಲೇ ಬೆಳೀತದೆ. ಎಲ್ಲಾ ಒಂದೇ ಅಳತೆ, ಒಂದೇ ಬಣ್ಣ. ಹೆಪ್ಪಿಲ್ಲದೆ ಮಾಡಿದ್ರೆ ಒಂದು ದಪ್ಪ, ಒಂದು ಸಣ್ಣ, ನೀರೆಲ್ಲಾ ಕೊಳಕು ಬಣ್ಣ."

"ಪುಸ್ತಕದಲ್ಲೂ ಹೀಗೇ ಇದೆಯಾ?"

"ಪುಸ್ತಕದಲ್ಲಿ ಪ್ರತಿ ಸಲ ಕಿತ್ತಳೆ ಆಸಿಡ್ಡಲ್ಲಿ ತೊಳೀಬೇಕು ಅಂತ ಬರೆದಿದ್ಯಂತೆ. ಎರಡು ಆಸಿಡ್ ಕಲಸಿದ್ರೆ ಕಿತ್ತಳೆ ಬಣ್ಣಕ್ಕೆ ಬರತ್ತಲ್ಲ, ಚಿನ್ನಾನೂ ಕರಗಿಸತ್ತೆ, ಅದು. 'ಪುಸ್ತಕ ಬರೆದೋರು ಯಾವತ್ತೂ ಮನೇಲಿ ಮೊಸರು ಮಾಡಿಲ್ಲ ಕಣೇ' ಅಂತ ಮೇಡಂ ನಗೋರು."

ಹೇಳಿದವಳೇ ಸೆರಗಿನಿಂದ ಮೂಗು ಒರೆಸಿಕೊಂಡಳು. ನಾನು ಕಿಟಕಿಯ ಕಡೆ ತಿರುಗಿದೆ. ಅಳುವವರ ಎದುರು ನಿಲ್ಲುವುದು ನನಗೆ ಇವತ್ತಿಗೂ ಬರುವುದಿಲ್ಲ.

"ಅವರ ನೋಟ್‌ಬುಕ್‌ನಲ್ಲಿ ಹೆಪ್ಪಿನ ವಿಷಯ ಬರೆದಿದ್ದಾರಾ?"

"ಇಲ್ಲ. ನನಗೂ ಅವರಿಗೂ ಬಿಟ್ರೆ ಯಾರಿಗೂ ಗೊತ್ತಿರಲಿಲ್ಲ. ನೋಡಿ ಸಾರ್, ಇದರೊಳಗೆಲ್ಲಾ ನಸುಗೆಂಪು ಪೊರೆ ಕಟ್ಟಿತ್ತು. ಸೋಪಿಗೆ ಹೋಗಲ್ಲ, ಬ್ರಷ್ಷಿಗೆ ಹೋಗಲ್ಲ, ಚಿನ್ನ ಅಲ್ವಾ. ಕಿತ್ತಳೆ ಆಸಿಡ್ಡಿಗೆ ಮಾತ್ರ ಹೋಗೋದು."

ನಾನು ಸ್ಟೂಲಿನ ಮೇಲೆ ಕೂತೆ. ವಿಮಾ ಕಂಪನಿಯಲ್ಲಿ ಮೂವತ್ತು ವರ್ಷ ಸುಳ್ಳು ಹೇಳುವವರ ಬೆನ್ನು ಹತ್ತಿದವನು ನಾನು. ಸುಟ್ಟ ಅಂಗಡಿ, ಮುಳುಗಿದ ದೋಣಿ, ಸತ್ತು ಎದ್ದುಬಂದ ಗಂಡಂದಿರು, ಎಲ್ಲ ನೋಡಿದ್ದೇನೆ. ಕೊಳೆ ಕಂಡು ಕಳ್ಳರನ್ನು ಹಿಡಿದಿದ್ದೇನೆ. ಶುಭ್ರವಾಗಿರುವುದೇ ಸಾಕ್ಷಿಯಾದದ್ದು ಇದೇ ಮೊದಲು.

ಆ ಆಸಿಡ್ ಈ ಕೋಣೆಗೆ ಬಂದದ್ದು ಈ ಫ್ಲಾಸ್ಕು ತೊಳೆಯುವುದಕ್ಕೆ. ತೊಳೆದವರು ಪುಸ್ತಕ ಓದಿದವರು, ಅಥವಾ ಓದಿದವರ ಮಾತು ಕೇಳಿದವರು. ಹೆಪ್ಪಿನ ಗುಟ್ಟು ಗೊತ್ತಿದ್ದ ಗಾಜಮ್ಮ ಇದನ್ನು ಸಾಯುತ್ತೇನೆಂದರೂ ತೊಳೆಯುತ್ತಿರಲಿಲ್ಲ.

"ಇದು ಕೊಳೆಯಾಗಿದ್ದನ್ನ ನೀವು ಕೊನೇ ಸಲ ನೋಡಿದ್ದು ಯಾವಾಗ?"

ಅವಳು ಫ್ಲಾಸ್ಕನ್ನು ಮೇಜಿನ ಮೇಲಿಟ್ಟಳು. ಅದು ಉರುಳದಂತೆ ಕೆಳಗಿನ ಉಂಗುರ ಸರಿಮಾಡಿದಳು. ಆಮೇಲೆ ಹೇಳಿದಳು:

"ಶನಿವಾರ. ಸಂಜೆ ಐದಕ್ಕೆ. ಮನೆಗೆ ಹೊರಡುವಾಗ."

ಉತ್ತರ ಸ್ವಲ್ಪ ತಡವಾಗಿ ಬಂತು. ನನಗೆ ಗೊತ್ತಾಯಿತು. ಆದರೂ ಆಗ ಕೆದಕಲಿಲ್ಲ.

ಮೇಜಿನ ಕೆಳಗಿನ ಖಾನೆ ಎಳೆದೆ. ಕಾಗದಗಳ ಬದಲು ಅದರಲ್ಲಿ ಒಂದು ಪುಟ್ಟ ದಿಂಬು, ಮಡಚಿದ ಶಾಲು, ಬಾಚಣಿಗೆ, ಹಲ್ಲುಜ್ಜುವ ಬ್ರಷ್ಷು ಇದ್ದವು.

"ಇಲ್ಲೇ ಮಲಗ್ತಿದ್ರಾ?"

"ಕೆಲಸ ಜಾಸ್ತಿ ಇದ್ದಾಗ ಉಳೀತಿದ್ರೇನೋ" ಎಂದಳು ಗಾಜಮ್ಮ, ಬೇರೆಲ್ಲೋ ನೋಡುತ್ತ.

ದಿಂಬಿನ ನಡುವೆ ಇನ್ನೂ ತಲೆಯ ಗುಳಿ ಇತ್ತು. ಸಂಶೋಧನಾಲಯಕ್ಕೆ ದಿಂಬು ತಂದಿಟ್ಟುಕೊಳ್ಳುವ ಹೆಂಗಸಿನ ಮನೆ ಹೇಗಿದ್ದೀತು ಎಂದು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ನಾನು ಹೊರಗೆ ಹೊರಡುವಾಗ ರೇಡಿಯೋ ಆರಿಸುವುದಿಲ್ಲ. ವಾಪಸ್ಸು ಬಂದು ಬೀಗ ತೆಗೆದಾಗ ಒಳಗೆ ಯಾರೋ ಮಾತಾಡುತ್ತಿರಲಿ ಎಂದು.

ಅಷ್ಟರಲ್ಲಿ ಫೋನು ಬಂತು. ಡಾಕ್ಟ್ರಮ್ಮನ ತಂಗಿ. ಈ ಕೆಲಸವನ್ನು ನನಗೆ ಒಪ್ಪಿಸಿದವರೇ ಆಕೆ.

"ಏನಾದ್ರೂ ಗೊತ್ತಾಯ್ತಾ?"

"ಒಂದು ಎಳೆ ಸಿಕ್ಕಿದೆ. ಅವರ ಕೋಣೇಲೇ ಇದ್ದೀನಿ. ನೀವೂ ಒಂದ್ಸಲ ಬಂದು ನೋಡಬಾರದಾ?"

"ಬೇಡ. ಆ ಕಟ್ಟಡದ ಮೆಟ್ಟಿಲು ಹತ್ತಿದೋಳಲ್ಲ ನಾನು. ಅಕ್ಕನ್ನ ಆಸ್ಪತ್ರೇಲೇ ನೋಡಿದ್ದಾಯ್ತು. ಹನ್ನೊಂದು ವರ್ಷ ಮಾತು ಬಿಟ್ಟಿದ್ವಿ, ಈಗ ಯಾವ ಮುಖ ಹೊತ್ಕೊಂಡು ಬರಲಿ?" ಆಕೆ ಮಾತು ಬದಲಿಸಿದರು. "ಒಂದು ಉಪಕಾರ ಮಾಡಿ. ಅವಳ ಸಾಮಾನು ಏನೂ ಬೇಡ. ಕಿಟಕಿ ಹತ್ರ ಒಂದು ಹಸಿರು ಲೋಟ ಇರತ್ತೆ, ಪಿಂಗಾಣೀದು. ಅದೊಂದು ತಂದ್ಕೊಡಿ. ನೆನಪಿಗೆ ಇರಲಿ."

ಕಿಟಕಿಯ ಬಳಿ, ಪರದೆಯ ಹಿಂದೆ, ಹಸಿರು ಲೋಟ ಇತ್ತು. ತಳದಲ್ಲಿ ಒಣಗಿದ ಟೀ ಕಂದು ಉಂಗುರ ಕಟ್ಟಿತ್ತು. ಅಕ್ಕ ಕುಡಿದ ಕೊನೆಯ ಟೀ ಇರಬೇಕು ಎಂದುಕೊಂಡು, ಅದನ್ನು ಹಾಗೇ ಹಳೇ ಪೇಪರಿನಲ್ಲಿ ಸುತ್ತಿ ಚೀಲಕ್ಕೆ ಹಾಕಿದೆ. ಗಾಜಮ್ಮ ಆಗ ತೊಳೆಯುವ ಕೋಣೆಗೆ ಹೋಗಿದ್ದಳು. ಹನ್ನೊಂದು ವರ್ಷದ ಮುನಿಸು ಒಂದು ಲೋಟಕ್ಕೆ ಬಂದು ನಿಂತಿತಲ್ಲ ಎಂದು ನನಗೆ ನಿಜವಾಗಿಯೂ ಕಣ್ಣು ಒದ್ದೆಯಾಯಿತು.

ನಿರ್ದೇಶಕರ ಕೋಣೆ ಮೂರನೇ ಮಹಡಿಯಲ್ಲಿತ್ತು. ಗೋಡೆಯ ತುಂಬ ಅವರಿಗೆ ಅವರೇ ಹಾರ ಹಾಕಿಕೊಳ್ಳುವುದೊಂದು ಬಿಟ್ಟು ಬೇರೆ ಎಲ್ಲ ಬಗೆಯ ಸನ್ಮಾನದ ಫೋಟೋಗಳು. ಮೇಜಿನ ಮೂಲೆಯಲ್ಲಿ ಮೂರು ಪುಟ್ಟ ಸೀಸೆಗಳಿದ್ದವು. ಮೂರರಲ್ಲೂ ಕೊಳೆ ನೇರಳೆ ಬಣ್ಣದ ನೀರು.

"ವಿಚಾರಣೆ ಇರೋದು ನಾಳೆ" ಎಂದರು, ಕೂತುಕೊಳ್ಳಿ ಎನ್ನದೆ.

ನಾನೇ ಕುರ್ಚಿ ಎಳೆದುಕೊಂಡೆ. "ಒಂದೇ ಪ್ರಶ್ನೆ. ಆ ಆಸಿಡ್ಡಲ್ಲಿ ಅವತ್ತು ಯಾವ ಪಾತ್ರೆ ತೊಳೆದಿದ್ದು?"

"ಚಿನ್ನದ ಫ್ಲಾಸ್ಕು. ಇನ್ಯಾವುದು? ಆಯಮ್ಮ ಶನಿವಾರ ಸಂಜೆ ಆಸಿಡ್ ಕಲಸಿ ಅದನ್ನ ತೊಳೆದಿದ್ದಾಳೆ. ಉಳಿದಿದ್ದನ್ನ ಬಾಟಲಿಗೆ ತುಂಬಿ ಮುಚ್ಚಳ ಬಿಗಿದಿದ್ದಾಳೆ. ಅದಕ್ಕೆ ಮುಚ್ಚಳ ಹಾಕಬಾರದು, ಒಳಗೆ ಗ್ಯಾಸ್ ತುಂಬತ್ತೆ. ಡಾಕ್ಟ್ರಮ್ಮ ತೆಗೆದ್ರು. ಕಿಟಕಿ ಹಾಕಿತ್ತು. ಮುಗೀತು."

"ಪಕ್ಕದಲ್ಲೇ ನಿಂತು ನೋಡಿದ ಹಾಗೆ ಹೇಳ್ತೀರಿ."

"ನೋಡಬೇಕಾಗಿಲ್ಲ. ಚಿನ್ನದ ಪಾತ್ರೆ ಅಂದ್ಮೇಲೆ ಪ್ರತಿ ಸಲ ಆಸಿಡ್ಡಲ್ಲಿ ತೊಳೀಲೇಬೇಕು. ಮೊದಲ ವರ್ಷದ ವಿದ್ಯಾರ್ಥಿಗೂ ಇದು ಗೊತ್ತು."

ನಾನು ಆ ಮೂರು ಸೀಸೆಗಳ ಕಡೆ ಬೆರಳು ಮಾಡಿದೆ. "ನೀವೂ ಕೈ ಆಡಿಸಿದ ಹಾಗಿದೆ."

ಅವರಿಗೆ ಅದು ಹಿಡಿಸಲಿಲ್ಲ. ಆದರೂ ಉತ್ತರ ಬಂತು. ಆ ಸೋಲು ಅವರನ್ನು ಅಷ್ಟು ಕೊರೆಯುತ್ತಿತ್ತು.

"ಮುಂದಿನ ತಿಂಗಳು ಈ ವಿಧಾನವನ್ನ ಹೊರಗಿನ ಕಂಪನಿಯೋರಿಗೆ ಮಾಡಿ ತೋರಿಸ್ಬೇಕು. ಅದೇ ಥರದ ಫ್ಲಾಸ್ಕು, ಅದೇ ಅಳತೆ, ಅವರ ನೋಟ್‌ಬುಕ್ಕೇ ಮುಂದಿಟ್ಕೊಂಡು ಮಾಡಿದೆ. ಬಣ್ಣ ಬರ್ತಿಲ್ಲ. ಟೀ ಪುಡಿ ಸರಿ ಇಲ್ಲ."

ಒಬ್ಬ ಹೆಂಗಸು ಸತ್ತು ಒಂಬತ್ತು ದಿನ. ಇನ್ನೊಬ್ಬಳು ನಾಳೆ ಜೈಲಿಗೆ ಹೋಗಲಿದ್ದಾಳೆ. ಈ ಮನುಷ್ಯನಿಗೆ ಟೀ ಪುಡಿಯ ಚಿಂತೆ. ನನ್ನ ನೆತ್ತಿ ಬಿಸಿಯಾಯಿತು.

"ಟೀ ಪುಡಿ ಅಲ್ಲ ಸ್ವಾಮಿ. ಹೆಪ್ಪು!"

"ಏನು?"

ಅಲ್ಲಿಗೆ ನಿಲ್ಲಿಸಬೇಕಿತ್ತು. ನಿಲ್ಲಿಸಲಿಲ್ಲ. ಎದುರಿನವನ ಮುಖ ಸಪ್ಪೆಯಾಗುವುದನ್ನು ನೋಡುವ ಚಪಲ ನನಗೆ ಮೊದಲಿಂದಲೂ ಇದೆ. ತಳದಲ್ಲಿ ಬಿಡುವ ಒಂದು ಚಮಚ, ನಾಲ್ಕು ವರ್ಷದ ಪೊರೆ, ಹಳೆಯ ಹರಳಿನ ಮೇಲೆ ಬೆಳೆಯುವ ಹೊಸ ಹರಳು, ಎಲ್ಲವನ್ನೂ ಒದರಿಬಿಟ್ಟೆ.

"ಗಾಜಮ್ಮ ಆ ಫ್ಲಾಸ್ಕು ತೊಳೆಯೋಳಲ್ಲ. ಗುಟ್ಟು ಗೊತ್ತಿಲ್ಲದೆ, ಪುಸ್ತಕದಲ್ಲಿದೆ ಅಂತ ತೊಳೆದೋರು ಬೇರೆ ಯಾರೋ ಇದ್ದಾರೆ. ನಿಮ್ಮಂಥೋರು."

ನಿರ್ದೇಶಕರು ಪೆನ್ನು ಕೆಳಗಿಟ್ಟರು. ಬೆದರಿದ ಹಾಗೆ ಕಾಣಲಿಲ್ಲ.

"ನಾನು ಶನಿವಾರ ಮಧ್ಯಾಹ್ನ ಮೂರರ ರೈಲಿಗೆ ಸಮ್ಮೇಳನಕ್ಕೆ ಹೋದೆ. ವಾಪಸ್ ಬಂದಿದ್ದು ಭಾನುವಾರ ಮಧ್ಯಾಹ್ನ. ಟಿಕೆಟ್ ಇದೆ, ಫೋಟೋ ಇದೆ. ಅವರು ಸತ್ತಿದ್ದು ಶನಿವಾರ ಸಂಜೆ. ಶನಿವಾರ ಬೆಳಗ್ಗೆ ರಿಜಿಸ್ಟರಿಗೆ ರುಜು ಹಾಕಿ ಒಳಗೆ ಬಂದಿದ್ದಾರೆ, ಹೊರಗೆ ಹೋದ ರುಜು ಇಲ್ಲ. ಭಾನುವಾರ ಕಟ್ಟಡಕ್ಕೇ ಬೀಗ. ಇದನ್ನ ನಾನು ಬರೆದಿಲ್ಲ, ಪೊಲೀಸರು ಬರೆದಿದ್ದಾರೆ."

ಅದು ನಿಜ. ಶವಪರೀಕ್ಷೆ ಮಾಡಿದ ವೈದ್ಯರು 'ಸುಮಾರು' ಎಂದು ಬರೆದಿದ್ದರು. ಅವರ ಸುಮಾರಿನಲ್ಲಿ ಶನಿವಾರದ ಸಂಜೆಯೂ ಇತ್ತು, ಇಡೀ ಭಾನುವಾರವೂ ಇತ್ತು. ಪೊಲೀಸರು ರಿಜಿಸ್ಟರು ನೋಡಿ ಶನಿವಾರ ಎಂದು ಮಾಡಿಕೊಂಡರು.

"ಇನ್ನು ನಿಮ್ಮ ಹೆಪ್ಪಿನ ಕಥೆ. ಅದನ್ನ ನಿಮಗೆ ಹೇಳಿದ್ದು ಯಾರು? ಆಯಮ್ಮನೇ ತಾನೆ? ಅವಳ ಮಾತಿಗೆ ಅವಳೇ ಸಾಕ್ಷಿ. ಇದನ್ನ ಹಿಡ್ಕೊಂಡು ನಾಳೆ ವಿಚಾರಣೆಗೆ ಬರ್ತೀರಾ?"

ನಾನು ಎದ್ದೆ. ಬಾಗಿಲ ಹತ್ತಿರ ಹೋದಾಗ ಹಿಂದಿನಿಂದ ಅವರು ಮೆತ್ತಗೆ ಕೇಳಿದರು:

"ಅಂದ ಹಾಗೆ, ಆ ಹೆಪ್ಪು ಇನ್ನೂ ಎಲ್ಲಾದ್ರೂ ಉಳಿದಿರಬಹುದಾ?"

ಫ್ಲಾಸ್ಕು ಯಾರು ತೊಳೆದರು ಎಂದು ಕೇಳಲಿಲ್ಲ. ಹೆಪ್ಪು ಎಲ್ಲಿದೆ ಎಂದು ಕೇಳಿದರು. ಡಾಕ್ಟ್ರಮ್ಮ ನಾಲ್ಕು ವರ್ಷ ಕಾಪಾಡಿದ ಗುಟ್ಟನ್ನು ನಾನು ನಾಲ್ಕು ನಿಮಿಷದಲ್ಲಿ ಈ ಮನುಷ್ಯನ ಕೈಗಿಟ್ಟಿದ್ದೆ. ಅದು ಯಾರ ಹತ್ತಿರ ಇರಬಹುದು ಎಂಬುದನ್ನೂ ನಾನೇ ಹೇಳಿಕೊಟ್ಟ ಹಾಗಾಯಿತು.

ಮೆಟ್ಟಿಲು ಇಳಿಯುವಾಗ ನನ್ನ ನಾಲಿಗೆಗೆ ಬೈದುಕೊಂಡೆ. ಮನೆಯಲ್ಲಿ ಮಾತಾಡಲು ಯಾರೂ ಇಲ್ಲದವನು ಹೊರಗೆ ಹೀಗೆಯೇ ಒದರುತ್ತಾನೆ.

ಗಾಜಮ್ಮನ ಮನೆಗೆ ಎರಡು ಬಸ್ಸು ಬದಲಾಯಿಸಬೇಕು. ಸಂಜೆ ಐದೂವರೆ. ಕೆಲಸ ಮುಗಿಸಿದವರೆಲ್ಲ ಬಸ್ಸಿನಲ್ಲಿ ಜೋತುಬಿದ್ದು ಮನೆಗೆ ಫೋನು ಮಾಡುತ್ತಿದ್ದರು. ಬರ್ತಾ ಇದ್ದೀನಿ, ಇನ್ನು ಹತ್ತು ನಿಮಿಷ, ಏನಾದ್ರೂ ತರಬೇಕಾ. ನನಗೆ ಹಾಗೆ ಹೇಳಲು ಯಾರೂ ಇಲ್ಲ. ಡಾಕ್ಟ್ರಮ್ಮ ಸತ್ತದ್ದು ಯಾವ ದಿನವೇ ಆಗಿರಲಿ, ಸೋಮವಾರ ಬಾಗಿಲು ತೆರೆಯುವ ತನಕ ಆಕೆಯನ್ನು ಯಾರೂ ಹುಡುಕಲಿಲ್ಲ. ನನ್ನನ್ನು ಎಷ್ಟು ದಿನಕ್ಕೆ ಹುಡುಕಿಯಾರು ಎಂದು ಯೋಚಿಸಿದೆ. ಪೇಪರ್ ಹಾಕುವವನು ಬಾಗಿಲಲ್ಲಿ ಮೂರು ಪೇಪರು ಬಿದ್ದದ್ದು ನೋಡಿ ನಾಲ್ಕನೆಯದನ್ನು ಅದರ ಮೇಲೇ ಎಸೆದು ಹೋಗುತ್ತಾನೆ. ಅವನನ್ನು ನಾನು ಬಲ್ಲೆ.

ಒಂದೇ ಕೋಣೆಯ ಮನೆ. ಒಂದು ಮಂಚ, ಒಂದು ಒಲೆ, ಒಂದು ನಲ್ಲಿ. ಇರುವ ನಾಲ್ಕು ಪಾತ್ರೆ ಫಳಫಳ ಹೊಳೆಯುತ್ತ ಗೋಡೆಯ ಗೂಟಗಳಲ್ಲಿ ಬೋರಲು ನೇತಾಡುತ್ತಿದ್ದವು, ಸಂಶೋಧನಾಲಯದ ಹಾಗೆಯೇ. ಗಾಜಮ್ಮ ನನಗೆ ಇದ್ದ ಒಂದೇ ಕುರ್ಚಿ ಕೊಟ್ಟಳು.

ನಾನು ಮಾಡಿದ ದಡ್ಡ ಕೆಲಸವನ್ನು ಮುಚ್ಚಿಡದೆ ಹೇಳಿದೆ. ಬೈಯಲಿ ಎಂದುಕೊಂಡಿದ್ದೆ. ಅವಳು ಬೈಯಲಿಲ್ಲ.

"ಹೋಗ್ಲಿ ಬಿಡಿ ಸಾರ್. ಅವರು ಯಾವತ್ತಿದ್ರೂ ಕೇಳೋರೇ."

"ಗಾಜಮ್ಮ, ಮಧ್ಯಾಹ್ನ ನೀವು ನನಗೆ ಒಂದು ಸುಳ್ಳು ಹೇಳಿದ್ರಿ. ಆ ಫ್ಲಾಸ್ಕನ್ನ ಕೊನೇ ಸಲ ನೋಡಿದ್ದು ಶನಿವಾರ ಅಲ್ಲ."

ಅವಳು ಎದ್ದು ಬಾಗಿಲು ಹಾಕಿದಳು. ಹಾಸಿಗೆಯ ಕೆಳಗಿನಿಂದ ಕನ್ನಡಕದ ಪೆಟ್ಟಿಗೆ ತೆಗೆದಳು. ಒಳಗೆ ಹತ್ತಿಯ ನಡುವೆ ಒಂದು ಸೀಸೆ ಇತ್ತು. ಅದೇ ಮಾಣಿಕ್ಯದ ಕೆಂಪು. ಚೀಟಿಯ ಮೇಲೆ ಡಾಕ್ಟ್ರಮ್ಮನ ದುಂಡು ಅಕ್ಷರದಲ್ಲಿ ತಾರೀಕು, ಅದರ ಕೆಳಗೆ 'ಭಾನುವಾರ, ಸಂಜೆ 4'.

ನಾನು ಎರಡು ಸಲ ಓದಿದೆ. ಶನಿವಾರ ಸತ್ತರೆಂದು ಪೊಲೀಸರು ಬರೆದ ಹೆಂಗಸು ಭಾನುವಾರ ಸಂಜೆ ಚೀಟಿ ಬರೆದಿದ್ದರು.

"ನನ್ನ ಹತ್ರ ತೊಳೆಯೋ ಕೋಣೆ ಹಿಂಬಾಗಿಲಿನ ಬೀಗದಕೈ ಇದೆ. ಪ್ರತಿ ಭಾನುವಾರ ಹೋಗ್ತಿದ್ದೆ. ಅವರು ಶನಿವಾರ ಮನೆಗೇ ಹೋಗ್ತಿರಲಿಲ್ಲ ಸಾರ್. 'ಮನೇಲಿ ಯಾರಿದ್ದಾರೆ ಅಂತ ಹೋಗ್ಲಿ' ಅನ್ನೋರು. ನಂದೂ ಅದೇ ಕಥೆ ಅಲ್ವಾ. ಇಬ್ರೂ ಟೀ ಕುಡ್ಕೊಂಡು ಕೂತಿರ್ತಿದ್ವಿ. ಮಾತು ಜಾಸ್ತಿ ಏನಿರಲಿಲ್ಲ. ಸುಮ್ನೆ ಇರ್ತಿದ್ವಿ, ಇಬ್ರೂ."

"ಅವತ್ತು?"

"ಅವತ್ತು ನನ್ನೆದುರಿಗೇ ಆ ಫ್ಲಾಸ್ಕಿಂದ ಇದಕ್ಕೆ ಬಗ್ಗಿಸಿ ಕೊಟ್ರು. ಪೊರೆ ಹಂಗೇ ಇತ್ತು. 'ನೋಟ್‌ಬುಕ್ ನೋಡಿ ಯಾರೂ ಮಾಡೋಕಾಗಲ್ಲ, ನಿನ್ನ ಕೈಲಾಗತ್ತೆ, ಇಟ್ಕೋ' ಅಂದ್ರು. 'ಯಾರು ಬಂದು ಕೇಳಿದ್ರೂ ಕೊಡು. ಮೊಸರಿನ ಹೆಪ್ಪಿಗೆ ಯಾರಾದ್ರೂ ಬೀಗ ಹಾಕ್ತಾರಾ' ಅಂದ್ರು. ನಾಲ್ಕೂವರೆಗೆ ನಾ ಹೊರಟೆ."

ಭಾನುವಾರ ಸಂಜೆ ಫ್ಲಾಸ್ಕಿನಲ್ಲಿ ಪೊರೆ ಇತ್ತು. ಸೋಮವಾರ ಬೆಳಗ್ಗೆ ಇರಲಿಲ್ಲ. ಅದನ್ನು ತೊಳೆದದ್ದು ನಡುವೆ. ಭಾನುವಾರ ಮಧ್ಯಾಹ್ನವೇ ನಿರ್ದೇಶಕರು ಊರಿಗೆ ವಾಪಸ್ಸು ಬಂದಿದ್ದರು. ಅವರ ಟಿಕೆಟ್ಟು, ಫೋಟೋ ಎಲ್ಲ ಒಂದೇ ಚೀಟಿಯಿಂದ ಕೆಲಸಕ್ಕೆ ಬಾರದೆ ಹೋದವು. ನನಗೆ ಕುರ್ಚಿಯಲ್ಲಿ ಕೂರಲಾಗಲಿಲ್ಲ.

"ಇದನ್ನ ಪೊಲೀಸರಿಗೆ ಯಾಕಮ್ಮ ಹೇಳಲಿಲ್ಲ?"

ಗಾಜಮ್ಮ ನನ್ನನ್ನೇ ನೋಡಿದಳು. "ಹೇಳಿದ್ರೆ, ಅವರನ್ನ ಕೊನೇಗೆ ನೋಡಿದೋಳು ನಾನೇ ಅಂತಾಗಲ್ವಾ? ಕದ್ದು ಒಳಗೆ ಹೋದೋಳು. ಚಿನ್ನದ ಹೆಪ್ಪು ಮನೇಲಿಟ್ಕೊಂಡೋಳು. ಈಗ ಅಜಾಗರೂಕತೆ ಅಂತಿದ್ದಾರೆ. ಆಗ ಕೊಲೆ ಅಂತಾರೆ."

ನಾನು ಮತ್ತೆ ಕೂತೆ. ಅವಳು ಹೇಳಿದ್ದರಲ್ಲಿ ಒಂದು ಮಾತೂ ತಪ್ಪಿರಲಿಲ್ಲ. ಈ ಸೀಸೆ ನಾಳೆ ಹೊರಗೆ ಬಂದರೆ ನಿರ್ದೇಶಕರ ಕಡೆಗೂ ಬೆರಳು ತಿರುಗುತ್ತದೆ, ಇವಳ ಕಡೆಗೂ ತಿರುಗುತ್ತದೆ. ದೊಡ್ಡವರಿಗೆ ವಕೀಲರಿರುತ್ತಾರೆ. ಇವಳಿಗೆ ಇರುವುದು ನಾನು.

"ಆದ್ರೂ ಹೇಳ್ತೀನಿ ಸಾರ್" ಎಂದಳು ಅವಳು. "ಒಂಬತ್ತು ದಿನದಿಂದ ನಿದ್ದೆ ಇಲ್ಲ. ಅವರು ಭಾನುವಾರ ಸಂಜೆ ಬದುಕಿದ್ರು, ಚೆನ್ನಾಗಿದ್ರು, ನಗ್ತಾ ಇದ್ರು ಅಂತ ಯಾರಾದ್ರೂ ಹೇಳ್ಬೇಕಲ್ಲ. ನನ್ನ ಬಿಟ್ರೆ ಯಾರಿದ್ದಾರೆ ಹೇಳೋಕೆ?"

"ಸೀಸೆ ಇವತ್ತು ಇಲ್ಲಿರೋದು ಬೇಡ. ನನಗೆ ಕೊಡಿ" ಎಂದೆ.

ಸುತ್ತಲು ಪೇಪರು ಬೇಕಿತ್ತು. ಚೀಲ ತೆಗೆದು, ಮಧ್ಯಾಹ್ನ ಸುತ್ತಿದ್ದ ಪೇಪರನ್ನೇ ಬಿಚ್ಚಿದೆ. ಹಸಿರು ಲೋಟ ಹೊರಗೆ ಬಂತು.

ಗಾಜಮ್ಮನ ಮುಖ ಬದಲಾಯಿತು.

"ಇದು ನಿಮ್ಮ ಹತ್ರ ಹೆಂಗೆ ಬಂತು?"

"ಅವರ ತಂಗಿ ಕೇಳಿದ್ರು. ಅಕ್ಕನ ನೆನಪಿಗೆ ಅಂತ."

"ಇದು ಮೇಡಂ ಲೋಟ ಅಲ್ಲ ಸಾರ್. ಅವರದು ಬಿಳೀದು, ಕಿವಿ ಮುರಿದಿದ್ದು. ಇದನ್ನ ಶನಿವಾರ ಬೆಳಗ್ಗೆ ಬರೋವಾಗ ಹೊಸದಾಗಿ ತಂದ್ರು. ಭಾನುವಾರ ನಾನು ಹೊರಡೋ ಮುಂಚೆ ತೊಳೆದಿಡು ಅಂದ್ರು. 'ಹನ್ನೊಂದು ವರ್ಷ ಆದ್ಮೇಲೆ ತಂಗಿ ಬರ್ತಾ ಇದ್ದಾಳೆ ಕಣೇ, ಐದು ಗಂಟೆಗೆ. ಅವಳಿಗೆ ಹಳೇ ಲೋಟದಲ್ಲಿ ಕೊಡೋಕಾಗತ್ತಾ' ಅಂದ್ರು. ಅಷ್ಟು ಖುಷಿಯಾಗಿದ್ದಿದ್ದು ನಾನು ನೋಡೇ ಇರಲಿಲ್ಲ. ನಾನೇ ತೊಳೆದು, ಒರೆಸಿ, ಬೋರಲು ಹಾಕಿ, ತಂಗಿ ಬರೋಕೆ ಅಂತ ಹಿಂಬಾಗಿಲಿಗೆ ಬೀಗ ಹಾಕದೆ ಬಂದೆ."

ನಾನು ಲೋಟ ಬಗ್ಗಿಸಿದೆ. ತಳದಲ್ಲಿ ಒಣಗಿದ ಟೀಯ ಕಂದು ಉಂಗುರ.

ತೊಳೆದು ಬೋರಲು ಹಾಕಿದ ಲೋಟದಲ್ಲಿ ಅವತ್ತು ಐದು ಗಂಟೆಯ ಮೇಲೆ ಯಾರೋ ಟೀ ಕುಡಿದಿದ್ದರು. ಆ ಕಟ್ಟಡದ ಮೆಟ್ಟಿಲೇ ಹತ್ತಿಲ್ಲ ಎಂದಿದ್ದ ತಂಗಿಗೆ, ಶನಿವಾರ ಕೊಂಡ ಹೊಸ ಲೋಟದ ಬಣ್ಣ ಗೊತ್ತಿತ್ತು.

"ಬಂದಿದ್ರಾ ಸಾರ್?" ಗಾಜಮ್ಮ ಕೇಳಿದಳು. ಅವಳ ದನಿಯಲ್ಲಿ ಸಂಶಯಕ್ಕಿಂತ ಆಸೆಯೇ ಹೆಚ್ಚಿತ್ತು. "ಪಾಪ, ಕಾದಿದ್ದಕ್ಕೆ ತಂಗಿ ಬಂದಿದ್ರಾ?"

ನನ್ನ ಫೋನು ಬಡಿದುಕೊಂಡಿತು. ತೆರೆಯ ಮೇಲೆ ಡಾಕ್ಟ್ರಮ್ಮನ ತಂಗಿಯ ನಂಬರು.

"ಲೋಟ ಸಿಕ್ತಾ?"

"ಸಿಕ್ತು."

"ಒಳ್ಳೇದಾಯ್ತು. ನಾಳೆ ವಿಚಾರಣೆಗೆ ನಾನೂ ಬರ್ತೀನಿ, ಅಲ್ಲೇ ಕೊಡಿ." ಆಕೆಯ ದನಿ ಮಧ್ಯಾಹ್ನದಷ್ಟೇ ಮೃದುವಾಗಿತ್ತು. "ಒಂದು ಮಾತು. ಹಾಗೇ ತರಬೇಡಿ. ಚೆನ್ನಾಗಿ ತೊಳೆದು ತನ್ನಿ."

ಫೋನಿನ ದನಿ ಆ ಸಣ್ಣ ಕೋಣೆಯಲ್ಲಿ ಇಬ್ಬರಿಗೂ ಕೇಳಿಸಿತ್ತು. ಇಪ್ಪತ್ತಾರು ವರ್ಷ ಕೈಗೆ ಸಿಕ್ಕ ಪಾತ್ರೆಯನ್ನೆಲ್ಲ ತೊಳೆದ ಗಾಜಮ್ಮ ನನ್ನ ಕೈಯಿಂದ ಲೋಟವನ್ನು ಎರಡೇ ಬೆರಳಲ್ಲಿ ತೆಗೆದುಕೊಂಡಳು. ನಲ್ಲಿಯಿಂದ ದೂರ ಒಯ್ದು ತನ್ನ ದಿಂಬಿನ ಮೇಲಿಟ್ಟಳು.